2006ರ ಆಲ್ಬಂ, 1963ರ ಸದ್ದು: 'ಬ್ಯಾಕ್ ಟು ಬ್ಲ್ಯಾಕ್' ಕೇಳಿ ನಮ್ಮಪ್ಪ ಮೋಸ ಹೋದ ಕಥೆ

ಮಾಳಿಗೆಮನೆ — ಶನಿವಾರ, ರಾತ್ರಿ 9:40

ಒಂದು ತಮಾಷೆ ಹೇಳಿ ಆಮೇಲೆ ಪ್ರಶ್ನೆ ಕೇಳುತ್ತೇನೆ.

ಕಳೆದ ತಿಂಗಳು ಅಟ್ಟದ ಮೇಲಿದ್ದ ಅಪ್ಪನ ರೆಕಾರ್ಡ್ ಪ್ಲೇಯರ್ ಇಳಿಸಿ ರಿಪೇರಿ ಮಾಡಿಸಿದೆ. ಬೆಲ್ಟ್ ಸತ್ತಿತ್ತು, ಮುಳ್ಳು ಸವೆದಿತ್ತು. ಸರಿಯಾದ ಮೇಲೆ ಏನು ಹಾಕೋದು? ನನ್ನ ಹತ್ತಿರ ಇದ್ದದ್ದು ಸ್ನೇಹಿತ ಕೊಟ್ಟ ಒಂದೇ ಒಂದು ಎಲ್‌ಪಿ. ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್ ಅವರ 'ಬ್ಯಾಕ್ ಟು ಬ್ಲ್ಯಾಕ್'. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಎರಡು ಹಾಡು ಮುಗಿದ ಮೇಲೆ ಕನ್ನಡಕ ತೆಗೆದು, "ನಾನು ಕಾಲೇಜಲ್ಲಿದ್ದಾಗ ರೇಡಿಯೋದಲ್ಲಿ ಬರ್ತಿತ್ತಲ್ಲ, ಆ ಥರದ್ದು. ಯಾವ ವರ್ಷದ್ದು ಇದು?" ಅಂದರು. 2006 ಅಂದೆ. ನಂಬಲಿಲ್ಲ. ಕವರ್ ಇಸ್ಕೊಂಡು, ಹಿಂದೆ ಮುಂದೆ ತಿರುಗಿಸಿ ಓದಿದರು. "ಹಳೇದನ್ನೇ ಮತ್ತೆ ಅಚ್ಚು ಹಾಕಿರಬೇಕು" ಅಂತ ತೀರ್ಪು ಕೊಟ್ಟು ಪೇಪರ್ ಎತ್ತಿಕೊಂಡರು.

ಈಗ ಪ್ರಶ್ನೆ. ಇದು ಇಷ್ಟು ಹಳೆಯದಾಗಿ ಕೇಳಿಸೋದು ಹೇಗೆ? ಹಾಡಿನ ಧಾಟಿ ಮಾತ್ರ ಅಲ್ಲ, ಸದ್ದೇ ಹಳೆಯದು. ಇನ್ನೂ ಮುಖ್ಯವಾದದ್ದು, ಇದನ್ನು ನಕಲು ಅನ್ನಬೇಕಾ? ಹಳೆ ಶೈಲಿಯ ಬೇರೆ ಹೊಸ ಆಲ್ಬಂ ಕೇಳಿದರೆ ನನಗೆ ಶಾಲೆಯ ವೇಷಭೂಷಣ ಸ್ಪರ್ಧೆ ನೆನಪಾಗುತ್ತದೆ. ಇದು ಹಾಗನ್ನಿಸಲ್ಲ. ಯಾಕೆ?

ಬಾಸ್‌ಗಿಟಾರ್ — ಶನಿವಾರ, ರಾತ್ರಿ 9:52

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. 'ಮತ್ತೆ ಅಚ್ಚು ಹಾಕಿರಬೇಕು' ಅನ್ನೋದಕ್ಕಿಂತ ಒಳ್ಳೆ ವಿಮರ್ಶೆ ಆ ಆಲ್ಬಂಗೆ ಯಾರೂ ಬರೆದಿಲ್ಲ.

ನಂದಿನಿ ಬೂತ್ — ಶನಿವಾರ, ರಾತ್ರಿ 10:05

ಸುಲಭದ ಉತ್ತರ: ಡ್ಯಾಪ್-ಕಿಂಗ್ಸ್. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಸೋಲ್ (soul) ಬ್ಯಾಂಡು. ಸೋಲ್ ಅಂದರೆ ಚರ್ಚಿನ ಹಾಡಿನಿಂದ ಬೆಳೆದ, ಅಮೆರಿಕದ ಕಪ್ಪು ಜನರ ಸಂಗೀತ. ಇಡೀ ಆಲ್ಬಂ ನುಡಿಸಿದ್ದು ಅವರೇ. ಅವರಿಗೆ ಬೇರೆ ಥರ ನುಡಿಸೋಕೆ ಬರೋದೂ ಇಲ್ಲ, ಬೇಕಾಗೂ ಇಲ್ಲ.

ಸೌಂಡ್‌ಬಾಕ್ಸ್ — ಶನಿವಾರ, ರಾತ್ರಿ 11:30

ನಂದಿನಿ ಅವರೇ, ಸಣ್ಣ ತಿದ್ದುಪಡಿ. ಇಡೀ ಆಲ್ಬಂ ಅಲ್ಲ, ಸುಮಾರು ಅರ್ಧ. ಇದಕ್ಕೆ ಇಬ್ಬರು ನಿರ್ಮಾಪಕರು. ಮಾರ್ಕ್ ರಾನ್ಸನ್ ಮಾಡಿದ ಹಾಡುಗಳಲ್ಲಿ ಡ್ಯಾಪ್-ಕಿಂಗ್ಸ್ ಇದ್ದಾರೆ. ಉಳಿದವು ಸಲಾಂ ರೆಮಿ ಅವರದ್ದು. ಅವರ ಸ್ಟುಡಿಯೋ ಇದ್ದದ್ದು ಮಯಾಮಿಯಲ್ಲಿ, ಹೆಚ್ಚಿನ ವಾದ್ಯ ತಾವೇ ನುಡಿಸುವ ಮನುಷ್ಯ. ಗಮನ ಇಟ್ಟು ಕೇಳಿದರೆ ಎರಡೂ ಬೇರೆ ಅಂತ ಗೊತ್ತಾಗುತ್ತದೆ. ರೆಮಿ ಹಾಡುಗಳಲ್ಲಿ ಬಿಸಿಲಿದೆ. ರಾನ್ಸನ್ ಹಾಡುಗಳಲ್ಲಿ ಮಳೆ ನಿಂತ ಮೇಲಿನ ರಸ್ತೆ.

ನಾನು ರೆಕಾರ್ಡಿಂಗ್ ಕೆಲಸದಲ್ಲೇ ಇರೋದರಿಂದ ಮಾಳಿಗೆಮನೆ ಅವರ ಮೊದಲ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಉತ್ತರ ಕೊಡುತ್ತೇನೆ. ಬೇಜಾರಾದರೆ ದಾಟಿಕೊಂಡು ಹೋಗಿ.

ಈಗಿನ ಕ್ರಮ ಹೇಗೆ? ಡ್ರಮ್ಸ್ ಬೇರೆ ದಿನ, ಗಿಟಾರ್ ಬೇರೆ ದಿನ. ಡ್ರಮ್ಸ್‌ಗೇ ಹತ್ತು ಹನ್ನೆರಡು ಮೈಕು. ಪ್ರತಿಯೊಂದು ಸದ್ದೂ ಡಬ್ಬಿಯಲ್ಲಿ ಹಾಕಿಟ್ಟ ಹಾಗೆ ಬೇರೆಬೇರೆ ಇರಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಬ್ರೂಕ್ಲಿನ್‌ನ ಬುಶ್‌ವಿಕ್‌ನಲ್ಲಿ ಡ್ಯಾಪ್-ಕಿಂಗ್ಸ್‌ನವರ ರೆಕಾರ್ಡ್ ಕಂಪನಿ ಡ್ಯಾಪ್‌ಟೋನ್‌ನ ಸ್ಟುಡಿಯೋ ಇದೆ. ಹೊರಗಿಂದ ನೋಡಿದರೆ ಒಂದು ಸಾಧಾರಣ ಹಳೆ ಮನೆ. ಅಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಡ್ರಮ್ಸ್, ಬಾಸ್, ಗಿಟಾರ್, ಪಿಯಾನೋ ಒಂದೇ ಕೋಣೆಯಲ್ಲಿ, ಒಟ್ಟಿಗೆ. ಮೈಕುಗಳು ಕಡಿಮೆ. ಡ್ರಮ್ಸ್ ಸದ್ದು ಪಿಯಾನೋ ಮೈಕಿಗೂ ಹೋಗುತ್ತದೆ, ಗಿಟಾರ್ ಸದ್ದು ಡ್ರಮ್ಸ್ ಮೈಕಿಗೂ ಬರುತ್ತದೆ. ನಾವು ಇದನ್ನು ಲೀಕ್ ಅಂತೀವಿ, ಕಲಿಯುವಾಗ ಇದು ತಪ್ಪು ಅಂತ ಬೈಸಿಕೊಂಡಿರುತ್ತೀವಿ. ಆದರೆ ಅರವತ್ತರ ದಶಕದ ಹಾಡುಗಳು ಒಂದೇ ಮುದ್ದೆಯಾಗಿ ಕಿವಿಗೆ ಬೀಳೋದು ಈ ಲೀಕ್‌ನಿಂದಲೇ. ರೆಕಾರ್ಡ್ ಆಗಿದ್ದು ಟೇಪಿನ ಮೇಲೆ, ಕಂಪ್ಯೂಟರಿಗೆ ಹೋಗಿದ್ದು ಆಮೇಲೆ. ಎಂಜಿನಿಯರ್ ಗೇಬ್ರಿಯಲ್ ರಾತ್. ಡ್ಯಾಪ್‌ಟೋನ್ ಶುರು ಮಾಡಿದ ಇಬ್ಬರಲ್ಲಿ ಒಬ್ಬರು, ಬ್ಯಾಂಡಿನ ಮುಖ್ಯಸ್ಥರೂ ಅವರೇ.

ಇನ್ನೊಂದು, ಪ್ರತಿಧ್ವನಿ. ಶೀರ್ಷಿಕೆ ಗೀತೆಯಲ್ಲಿ ದೂರದ ಬಾವಿಯಿಂದ ಬಂದ ಹಾಗೆ ತಂಬೂರಿನ್ ಕೇಳುತ್ತದಲ್ಲ, ಅದು. (ನಮ್ಮ ತಂಬೂರಿ ಅಲ್ಲ, ಗೆಜ್ಜೆ ಕಟ್ಟಿದ ಬಳೆಯಂಥ ವಾದ್ಯ.) ಅರವತ್ತರ ದಶಕದಲ್ಲಿ ಇದಕ್ಕೆ ಯಂತ್ರ ಬಳಸುತ್ತಿದ್ದದ್ದು ಕಡಿಮೆ, ಕೋಣೆಯನ್ನೇ ಬಳಸುತ್ತಿದ್ದರು. ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಸಿಮೆಂಟ್ ಗೋಡೆಯ ಖಾಲಿ ಕೋಣೆಗಳಿದ್ದವು. ಒಳಗೆ ಒಂದು ಸ್ಪೀಕರ್, ಒಂದು ಮೈಕು. ಹಾಡನ್ನು ಅಲ್ಲಿಗೆ ಕಳಿಸಿ, ಗೋಡೆಗೆ ಬಡಿದು ಬಂದದ್ದನ್ನು ಮತ್ತೆ ಬೆರೆಸುತ್ತಿದ್ದರು. ನಿರ್ಮಾಪಕ ಫಿಲ್ ಸ್ಪೆಕ್ಟರ್ ತನ್ನ 'ವಾಲ್ ಆಫ್ ಸೌಂಡ್' (ಹಲವು ವಾದ್ಯ ಒಟ್ಟಿಗೆ ಬೆರೆತ ಸದ್ದಿನ ಗೋಡೆ) ಕಟ್ಟಿದ್ದು ಅಲ್ಲೇ. ಡೆಟ್ರಾಯಿಟ್‌ನಲ್ಲಿ ಮೋಟೌನ್ ಅನ್ನೋ ಸೋಲ್ ರೆಕಾರ್ಡ್ ಕಂಪನಿಯವರು ಈ ಕೆಲಸಕ್ಕೆ ಮನೆಯ ಅಟ್ಟವನ್ನೇ ಬಳಸಿದರು. ಮಾಳಿಗೆಮನೆ ಅವರೇ, ನಿಮ್ಮ ಪ್ಲೇಯರ್ ಇಷ್ಟು ವರ್ಷ ಸರಿಯಾದ ಜಾಗದಲ್ಲೇ ಇತ್ತು.

ಒಂದು ವಿಷಯ ಮಾತ್ರ ಹಳೆ ಕ್ರಮದ್ದಲ್ಲ. ಬ್ಯಾಂಡ್ ನುಡಿಸುವಾಗ ಏಮಿ ಆ ಕೋಣೆಯಲ್ಲಿ ಇರಲಿಲ್ಲ. ಅವರು ಪರಸ್ಪರ ಭೇಟಿಯಾದದ್ದೇ ಆಮೇಲೆ. ಆದರೂ ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು ಹಾಡಿದ ಹಾಗಿದೆ.

ನಂದಿನಿ ಬೂತ್ — ಶನಿವಾರ, ರಾತ್ರಿ 11:41

ತಿದ್ದುಪಡಿ ಒಪ್ಪಿದೆ. ಅರ್ಧ ಹಾಲು, ಅರ್ಧ ಡಿಕಾಕ್ಷನ್.

ಕ್ರಾಯ್ಡನ್ ಕನ್ನಡಿಗ — ಭಾನುವಾರ, ಬೆಳಿಗ್ಗೆ 3:15

ನಾನು 2004ರಲ್ಲಿ ಲಂಡನ್ನಿಗೆ ಬಂದವನು. 2006ರ ಅಕ್ಟೋಬರ್ ಕೊನೆಯಲ್ಲಿ ಈ ಆಲ್ಬಂ ಬಂತು. ಆ ಚಳಿಗಾಲ ಯಾವ ಅಂಗಡಿಗೆ ಹೋದರೂ ಇದೇ. ಹಾಲು ತರಲು ಹೋದರೂ ಇದೇ, ಹೇರ್‌ಕಟ್‌ಗೆ ಹೋದರೂ ಇದೇ. ನಾನು ಬೇಸತ್ತು ಹೋಗಿದ್ದೆ. ಪ್ರೀತಿ ಹುಟ್ಟಿದ್ದು ತುಂಬಾ ತಡವಾಗಿ.

ಇಲ್ಲಿ ಒಂದು ಹಿನ್ನೆಲೆ ಗೊತ್ತಿರಬೇಕು. ಅಮೆರಿಕದ ಕಪ್ಪು ಜನರ ಹಳೆ ಸಂಗೀತದ ಮೇಲೆ ಇಂಗ್ಲಿಷರಿಗೆ ಮೊದಲಿಂದಲೂ ಒಂಥರಾ ಹುಚ್ಚು. ಎಪ್ಪತ್ತರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳ ಹುಡುಗರು ಶನಿವಾರ ರಾತ್ರಿಯಿಡೀ ಡೆಟ್ರಾಯಿಟ್ ಕಡೆಯ ಸೋಲ್ ಹಾಡುಗಳಿಗೆ ಕುಣಿಯುತ್ತಿದ್ದರು. ಅಮೆರಿಕದಲ್ಲಿ ಯಾರೂ ಕೊಳ್ಳದೆ ಮೂಲೆ ಸೇರಿದ್ದ ರೆಕಾರ್ಡುಗಳು ಇಲ್ಲಿ ಚಿನ್ನ. ಅದಕ್ಕೆ ನಾರ್ದರ್ನ್ ಸೋಲ್ ಅಂತ ಹೆಸರು. ವಿಗನ್ ಕ್ಯಾಸಿನೋ ಅನ್ನೋ ಡ್ಯಾನ್ಸ್ ಹಾಲ್ 1973ರಿಂದ 1981ರವರೆಗೆ ಇದರ ದೇವಸ್ಥಾನ. ಹಾಗಾಗಿ ಉತ್ತರ ಲಂಡನ್ನಿನ ಯಹೂದಿ ಮನೆತನದ ಹುಡುಗಿ ಈ ಧಾಟಿಯಲ್ಲಿ ಹಾಡಿದಾಗ ಇಲ್ಲಿನವರಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ.

ಇನ್ನೊಂದು. ಏಮಿ ಮೊದಲಿಂದ ಈ ದಾರಿಯಲ್ಲಿ ಇದ್ದವರಲ್ಲ. 2003ರ ಮೊದಲ ಆಲ್ಬಂ 'ಫ್ರಾಂಕ್' ಜಾಸ್ತಿ ಜಾಝ್, ಜೊತೆಗೆ ಒಂದಿಷ್ಟು ಹಿಪ್‌ಹಾಪ್. ಆಮೇಲೆ ಲಂಡನ್ನಿನ ಕ್ಯಾಮ್ಡೆನ್‌ನ ಪಬ್ಬುಗಳಲ್ಲಿ ಪೂಲ್ ಆಡುತ್ತಾ, ಅಲ್ಲಿನ ಜೂಕ್‌ಬಾಕ್ಸಿನಲ್ಲಿ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಹಳೆ ಹಾಡು ಕೇಳುತ್ತಾ ಕಾಲ ಕಳೆದರು. ಶಾಂಗ್ರಿ-ಲಾಸ್ ಥರದ ಹುಡುಗಿಯರ ಗುಂಪುಗಳ ಹಾಡುಗಳು ತಲೆಗೆ ಹತ್ತಿದವು. ರಾನ್ಸನ್ ಸಿಕ್ಕಾಗ ಅವನ್ನೇ ಕೇಳಿಸಿ, ಇಂಥದ್ದು ಬೇಕು ಅಂದರು. ಆತ ರಾತ್ರಿ ಕೂತು ಪಿಯಾನೋ ಮೇಲೆ ಒಂದು ತುಣುಕು ಕಟ್ಟಿ ಮರುದಿನ ಕೇಳಿಸಿದರು. ಶೀರ್ಷಿಕೆ ಗೀತೆ ಹುಟ್ಟಿದ್ದು ಹಾಗೆ. ಆ ಪಬ್ಬಿನ ವಾಸನೆ ಈ ಆಲ್ಬಂನಲ್ಲಿ ಇದೆ ಅಂತ ನನಗನ್ನಿಸುತ್ತದೆ. ಹಳೆ ಹಾಡು ಅವರಿಗೆ ಮ್ಯೂಸಿಯಂನಲ್ಲಿ ಸಿಕ್ಕಿದ್ದಲ್ಲ, ದುಃಖದಲ್ಲಿ ಇದ್ದಾಗ ಪಕ್ಕದಲ್ಲಿ ಮೊಳಗುತ್ತಿದ್ದದ್ದು.

ಗ್ರಾಮೊಫೋನ್ ಗೌಡ — ಭಾನುವಾರ, ಬೆಳಿಗ್ಗೆ 8:20

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಹೆಸರು ಇನ್ನೂ ಬಂದಿಲ್ಲ, ಅದೇ ನನ್ನ ತಕರಾರು. ಶರನ್ ಜೋನ್ಸ್.

ಡ್ಯಾಪ್-ಕಿಂಗ್ಸ್ ಅನ್ನೋದು ಪೂರ್ತಿ ಹೆಸರಲ್ಲ ಸ್ವಾಮಿ. 'ಶರನ್ ಜೋನ್ಸ್ ಅಂಡ್ ದ ಡ್ಯಾಪ್-ಕಿಂಗ್ಸ್'. ಈಕೆ 1956ರಲ್ಲಿ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಹುಟ್ಟಿದವರು. ಚರ್ಚಿನಲ್ಲಿ ಹಾಡಿ ಬೆಳೆದವರು. ಹಾಡಿನಿಂದ ಹೊಟ್ಟೆ ತುಂಬಲಿಲ್ಲ. ನ್ಯೂಯಾರ್ಕಿನ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಕಾವಲಿನ ಕೆಲಸ ಮಾಡಿದರು, ಬ್ಯಾಂಕಿನ ಹಣದ ಗಾಡಿಗೆ ಬಂದೂಕು ಹಿಡಿದು ಕಾವಲು ಹೋದರು. ರೆಕಾರ್ಡ್ ಕಂಪನಿಯವನೊಬ್ಬ ಈಕೆಯ ಬಣ್ಣ, ಮೈಕಟ್ಟು, ಎತ್ತರ, ವಯಸ್ಸು ನಾಲ್ಕನ್ನೂ ಹೇಳಿ ಆಗಲ್ಲ ಅಂದಿದ್ದ. ಇದನ್ನು ಆಕೆಯೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. 1996ರಲ್ಲಿ ಸೋಲ್ ಗಾಯಕ ಲೀ ಫೀಲ್ಡ್ಸ್ ಅವರ ರೆಕಾರ್ಡಿಂಗ್‌ಗೆ ಹಿನ್ನೆಲೆ ಹಾಡಲು ಹೋದವರು, ಮೂರು ಜನ ಹಾಡಬೇಕಿದ್ದದ್ದನ್ನು ತಾವೊಬ್ಬರೇ ಹಾಡಿ ಮುಗಿಸಿದರು. ಅಲ್ಲಿಂದ ಶುರು. ಮೊದಲ ಆಲ್ಬಂ ಬಂದಾಗ, 2002ರಲ್ಲಿ, ವಯಸ್ಸು ಐವತ್ತರ ಹತ್ತಿರ. ಸೌಂಡ್‌ಬಾಕ್ಸ್ ಹೇಳಿದ ಆ ಬುಶ್‌ವಿಕ್ ಮನೆಯ ಸ್ಟುಡಿಯೋವನ್ನು ಬ್ಯಾಂಡಿನವರೇ ಕೈಯಾರೆ ಕಟ್ಟಿದ್ದು. ವೈರಿಂಗ್ ಕೆಲಸಕ್ಕೆ ಈಕೆಯೂ ಕೈ ಹಾಕಿದ್ದರು.

ಅಂದರೆ ಒಲೆ ಕಟ್ಟಿದವರು, ಸೌದೆ ತಂದವರು, ವರ್ಷಗಟ್ಟಲೆ ಊದಿದವರು ಇವರು. 2008ರಲ್ಲಿ ಏಮಿಗೆ ಒಂದೇ ರಾತ್ರಿ 5 ಗ್ರ್ಯಾಮಿ ಪ್ರಶಸ್ತಿ ಬಂತು. ಶರನ್ ಜೋನ್ಸ್ ಅವರಿಗೆ ಇಡೀ ಜೀವನದಲ್ಲಿ ಸಿಕ್ಕಿದ್ದು ಒಂದು ನಾಮನಿರ್ದೇಶನ. ಅದೂ 2014ರ ಆಲ್ಬಂಗೆ, ಕ್ಯಾನ್ಸರ್ ಬಂದ ಮೇಲೆ. 2016ರ ನವೆಂಬರಿನಲ್ಲಿ ತೀರಿಕೊಂಡರು. ಏಮಿ ಮೇಲೆ ನನಗೆ ಸಿಟ್ಟಿಲ್ಲ, ಆ ಹುಡುಗಿ ಅದ್ಭುತ. ಆದರೆ 'ಹಳೆಯದನ್ನು ವಾಪಸ್ ತಂದರು' ಅಂತ ಬರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದು ಎಲ್ಲಿಗೆ ಹೋಗಿತ್ತು ವಾಪಸ್ ತರೋಕೆ?

ಬಾಸ್‌ಗಿಟಾರ್ — ಭಾನುವಾರ, ಬೆಳಿಗ್ಗೆ 9:02

ಗೌಡ್ರೇ, ನೂರಕ್ಕೆ ತೊಂಬತ್ತು ಒಪ್ಪುತ್ತೇನೆ. ಇದು ಹಳೆ ಕಾಯಿಲೆ. ಮೋಟೌನ್‌ನಲ್ಲಿ ನುಡಿಸುತ್ತಿದ್ದ ಫಂಕ್ ಬ್ರದರ್ಸ್ ಗತಿ ನೋಡಿ. ಅರವತ್ತರ ದಶಕದ ಹಿಟ್‌ಗಳಲ್ಲೆಲ್ಲ ಅವರ ಕೈ. ಕವರ್ ಮೇಲೆ ಹೆಸರು ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂ ಬಂದಾಗ. ನಾನು ಬಾಸ್ ಹಿಡಿದದ್ದೇ ಅವರಲ್ಲೊಬ್ಬರಾದ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಕೇಳಿ. ಆತನ ಹೆಸರು ಗೊತ್ತಾಗೋಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಉಳಿದ ಹತ್ತರಲ್ಲಿ ನನ್ನ ಜಗಳ ಇದೆ. ಬ್ಯಾಂಡು ಹಳೆಯದು, ಸದ್ದು ಹಳೆಯದು, ಒಪ್ಪಿದೆ. ಮಾತು? ಹುಡುಗಿಯರ ಗುಂಪುಗಳ ಆ ಕಾಲದ ಹಾಡುಗಳನ್ನು ಬರೆಯುತ್ತಿದ್ದವರು ಹೆಚ್ಚಾಗಿ ಬೇರೆಯವರು. ನ್ಯೂಯಾರ್ಕಿನ ಬ್ರಿಲ್ ಬಿಲ್ಡಿಂಗ್ ಸುತ್ತಮುತ್ತ ಸಂಬಳಕ್ಕೆ ಕೂತು ಬರೆದವರು. ಹುಡುಗಿ ಅಳಬೇಕು, ಕಾಯಬೇಕು, ಕ್ಷಮಿಸಬೇಕು. ಏಮಿ ತಾವೇ ಬರೆದರು. ಇಲ್ಲಿನ ಹುಡುಗಿ ತಾನೇ ಮೋಸ ಮಾಡುತ್ತಾಳೆ, ಸಿಕ್ಕಿಬೀಳುತ್ತಾಳೆ, 'ನಾನು ಇಂಥವಳು ಅಂತ ಮೊದಲೇ ಹೇಳಿದ್ದೆನಲ್ಲ' ಅನ್ನುವ ಧಾಟಿಯಲ್ಲಿ ಮಾತಾಡುತ್ತಾಳೆ. ಇನ್ನೊಂದು ಹಾಡಿನಲ್ಲಿ ಸ್ಲಿಕ್ ರಿಕ್ ಅನ್ನೋ ರ‍್ಯಾಪರ್‌ನ ಶೋ ತಪ್ಪಿಸಿದೆಯಲ್ಲೋ ಅಂತ ಗೆಳೆಯನ ಮೇಲೆ ರೇಗುತ್ತಾಳೆ! ಹಿಂದೆ ಮಾತ್ರ 'ಊ ವಾ' ಅಂತ ಪಕ್ಕಾ ಐವತ್ತರ ದಶಕದ ದನಿಗಳು. ಆ ಎರಡರ ನಡುವಿನ ತಿಕ್ಕಾಟವೇ ಈ ಆಲ್ಬಂ. ಮಾತೂ ಹಳೆಯದಾಗಿದ್ದರೆ ಅಪ್ಪ ಹೇಳಿದ ಹಾಗೆ ಮರುಮುದ್ರಣ ಆಗುತ್ತಿತ್ತು.

ಒಗ್ಗರಣೆ — ಭಾನುವಾರ, ಬೆಳಿಗ್ಗೆ 10:10

ನಾನು ಈ ಗುಂಪಿಗೆ ಹೊಸಬಳು. ಡ್ರಮ್ಸ್ ಬಗ್ಗೆ ಯಾರಾದರೂ ಹೇಳ್ತೀರಾ? ನನಗೆ ಅದು ಹಳೆ ಹಾಡಿನ ಡ್ರಮ್ಸ್ ಥರ ಕೇಳಿಸಲ್ಲ. ಜಾಸ್ತಿ ಮುಂದೆ ಬಂದು ಎದೆಗೆ ಗುದ್ದುತ್ತೆ.

ಸೌಂಡ್‌ಬಾಕ್ಸ್ — ಭಾನುವಾರ, ಬೆಳಿಗ್ಗೆ 10:48

ಒಗ್ಗರಣೆ ಅವರೇ, ಒಳ್ಳೆ ಕಿವಿ ನಿಮ್ಮದು. ಹೌದು. ರಾನ್ಸನ್ ಹಾಡುಗಳಲ್ಲಿ ಡ್ರಮ್ಸ್ ನುಡಿಸಿದ್ದು ಡ್ಯಾಪ್-ಕಿಂಗ್ಸ್‌ನ ಹೋಮರ್ ಸ್ಟೈನ್‌ವೈಸ್. ಆದರೆ ರಾನ್ಸನ್ ಮೂಲತಃ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಿಪ್‌ಹಾಪ್ ಹಾಕುತ್ತಿದ್ದ ಡಿಜೆ. ಸಲಾಂ ರೆಮಿ ಹಿಪ್‌ಹಾಪ್‌ನ ಫ್ಯೂಜೀಸ್, ನ್ಯಾಸ್ ಜೊತೆ ಕೆಲಸ ಮಾಡಿದವರು. ಹಿಪ್‌ಹಾಪ್‌ನವರು ಹಳೆ ಸೋಲ್ ರೆಕಾರ್ಡ್ ಕೇಳುವ ರೀತಿಯೇ ಬೇರೆ. ಅವರಿಗೆ ಮೊದಲು ಬೇಕಾದದ್ದು ಡ್ರಮ್ಸ್ ಮತ್ತು ಬಾಸ್, ಆಮೇಲೆ ಉಳಿದದ್ದು. ಹಾಗಾಗಿ ಸದ್ದು 1963ರದ್ದು, ತೂಕ 2006ರದ್ದು. ಪುರಾವೆ ಬೇಕಾ? ಇದರ ಎರಡನೇ ಹಾಡಿನ ಮೇಲೆ ಘೋಸ್ಟ್‌ಫೇಸ್ ಕಿಲಾ ರ‍್ಯಾಪ್ ಮಾಡಿದ್ದೂ ಇದೆ. ಒಂದು ಚೂರೂ ಅಡ್ಡ ಬರಲ್ಲ.

ನಕಲು ಅನ್ನೋ ಮಾತಿಗೆ ಒಂದು ಲೆಕ್ಕ. 'ಟಿಯರ್ಸ್ ಡ್ರೈ ಆನ್ ದೇರ್ ಓನ್' ಹಾಡಿನ ತಳಪಾಯ 1967ರಲ್ಲಿ ಮಾರ್ವಿನ್ ಗೇ, ಟ್ಯಾಮಿ ಟೆರೆಲ್ ಹಾಡಿದ ಮೋಟೌನ್ ಹಾಡಿನದ್ದು. ಅದನ್ನು ಬರೆದ ಆಶ್‌ಫರ್ಡ್, ಸಿಂಪ್ಸನ್ ದಂಪತಿಗೆ ಇಲ್ಲೂ ಕ್ರೆಡಿಟ್ ಇದೆ. ಕದ್ದದ್ದಲ್ಲ, ಹೇಳಿ ತಗೊಂಡದ್ದು. ಏಮಿ ಇದನ್ನು ಮೊದಲು ನಿಧಾನದ, ಅಳುವ ಹಾಡಾಗಿಯೇ ಬರೆದಿದ್ದರು. ಆ ರೂಪ ಅವರು ಹೋದ ಮೇಲೆ 2011ರಲ್ಲಿ ಬಂದ 'ಲಯನೆಸ್' ಸಂಗ್ರಹದಲ್ಲಿದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ. ಅದೇ ಮಾತು, ಆದರೆ ಕುಣಿಯುವ ಲಯ ಬಂದ ತಕ್ಷಣ ಕಣ್ಣೊರೆಸಿಕೊಂಡು ಬಸ್ ಹತ್ತಿದ ಹಾಗಾಗುತ್ತದೆ.

ಗ್ರಾಮೊಫೋನ್ ಗೌಡ — ಭಾನುವಾರ, ಬೆಳಿಗ್ಗೆ 11:15

ಕಣ್ಣೊರೆಸಿಕೊಂಡು ಬಸ್ ಹತ್ತೋದು. ಇದನ್ನು ಕದಿಯುತ್ತೇನೆ, ಹೇಳಿ ತಗೋತಾ ಇದ್ದೀನಿ.

ಅಂದ ಹಾಗೆ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸೋದು ಅಂದಾಗ ನಮ್ಮ ಹಳೆ ಚಿತ್ರಗೀತೆಗಳು ನೆನಪಾದವು. ಮದರಾಸಿನ ಸ್ಟುಡಿಯೋಗಳಲ್ಲಿ ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲರೂ ಒಟ್ಟಿಗೆ. ಒಬ್ಬರು ಎಡವಿದರೆ ಮತ್ತೆ ಮೊದಲಿಂದ. ಆ ಭಯಕ್ಕೂ ಒಂದು ಸದ್ದಿದೆ. ಮುಂದುವರಿಸಿ.

ಒಗ್ಗರಣೆ — ಭಾನುವಾರ, ಮಧ್ಯಾಹ್ನ 12:30

ಹಾಗಾದರೆ ಹಳೆ ಶೈಲಿಯಲ್ಲೇ ಹಾಡುವ ಈಗಿನ ಲಿಯಾನ್ ಬ್ರಿಜಸ್, ಸಿಲ್ಕ್ ಸೋನಿಕ್ ಇವರೆಲ್ಲ ವೇಷಭೂಷಣ ಸ್ಪರ್ಧೆಗೆ ಸೇರುತ್ತಾರಾ? ನನಗೆ ಇಬ್ಬರೂ ಇಷ್ಟ, ಬೈಯಬೇಡಿ.

ಬಾಸ್‌ಗಿಟಾರ್ — ಭಾನುವಾರ, ಮಧ್ಯಾಹ್ನ 12:55

ಬೈಯಲ್ಲ ತಾಯಿ. ಸಿಲ್ಕ್ ಸೋನಿಕ್ ವೇಷವೇ, ಆದರೆ ವೇಷ ಅಂತ ಒಪ್ಪಿಕೊಂಡ ವೇಷ. 2021ರ ಆ ಆಲ್ಬಂಗೆ ಎಪ್ಪತ್ತರ ದಶಕದ ಫಂಕ್ ಸಂಗೀತದ ಬಾಸ್ ವಾದಕ ಬೂಟ್ಸಿ ಕಾಲಿನ್ಸ್ ಅವರನ್ನೇ ಕರೆಸಿ ನಿರೂಪಣೆ ಮಾಡಿಸಿದ್ದಾರೆ. ಯಕ್ಷಗಾನದ ಹಾಸ್ಯಗಾರ ಕಿರೀಟ ಹಾಕಿಕೊಂಡರೆ ಯಾರೂ ರಾಜ ಅಂದುಕೊಳ್ಳಲ್ಲ, ನಗ್ತೀವಿ. ಅವರಿಗೂ ಅದೇ ಬೇಕು.

ಲಿಯಾನ್ ಬ್ರಿಜಸ್ ಅವರ 2015ರ 'ಕಮಿಂಗ್ ಹೋಮ್' ಬೇರೆ. ದನಿ ಬಂಗಾರ. ಆದರೆ ಇಸ್ತ್ರಿ ಜಾಸ್ತಿಯಾದ ಅಂಗಿ. ಎಲ್ಲೂ ಒಂದು ಸುಕ್ಕಿಲ್ಲ. ಅವರಿಗೂ ಹಾಗನ್ನಿಸಿರಬೇಕು, 2018ರ ಎರಡನೇ ಆಲ್ಬಂನಲ್ಲಿ ಆ ಅಂಗಿ ಬಿಚ್ಚಿಟ್ಟರು.

ನಂದಿನಿ ಬೂತ್ — ಭಾನುವಾರ, ಮಧ್ಯಾಹ್ನ 1:20

ಚಾರ್ಲ್ಸ್ ಬ್ರಾಡ್ಲಿ ಮರೆಯಬೇಡಿ. ಡ್ಯಾಪ್‌ಟೋನ್‌ನವರೇ. ಅಡುಗೆ ಕೆಲಸ ಮಾಡಿಕೊಂಡು, ರಾತ್ರಿ ಹಳೆ ಸೋಲ್ ಗಾಯಕ ಜೇಮ್ಸ್ ಬ್ರೌನ್ ವೇಷ ಹಾಕಿ ಹಾಡುತ್ತಿದ್ದವರು. ಮೊದಲ ಆಲ್ಬಂ 2011ರಲ್ಲಿ, 62ನೇ ವಯಸ್ಸಿಗೆ. ವೇಷ ಹಾಕುತ್ತಿದ್ದವನೇ ವೇಷ ಕಳಚಿ ನಿಂತರೆ ಹೇಗಿರುತ್ತೆ ಅಂತ ಗೊತ್ತಾಗುತ್ತೆ. ಊಟ ಮಾಡುವಾಗ ಕೇಳಬೇಡಿ, ಗಂಟಲಲ್ಲಿ ಇಳಿಯಲ್ಲ.

ಕ್ರಾಯ್ಡನ್ ಕನ್ನಡಿಗ — ಭಾನುವಾರ, ಸಂಜೆ 6:40

ಒಂದು ಮಾತು ಸೇರಿಸುತ್ತೇನೆ, ಸಂತೋಷದ್ದಲ್ಲ. ಗ್ರ್ಯಾಮಿ ರಾತ್ರಿ ಏಮಿ ಅಮೆರಿಕದಲ್ಲಿ ಇರಲಿಲ್ಲ. ವೀಸಾ ತಡವಾಗಿ, ಲಂಡನ್ನಿನಿಂದಲೇ ಉಪಗ್ರಹದ ಮೂಲಕ ಹಾಡಿದರು. ಪ್ರಶಸ್ತಿ ಘೋಷಿಸಿದಾಗ ಅವರ ಮುಖ ನೋಡಿ, ಮಗುವಿನ ಮುಖ. 2011ರ ಜುಲೈ 23ರಂದು ಹೋದರು, 27 ವರ್ಷ. ಮರುದಿನ ನಾನು ಕ್ಯಾಮ್ಡೆನ್ ಚೌಕದ ಹತ್ತಿರ ಹೋಗಿದ್ದೆ. ಹೂವಿನ ಜೊತೆ ಜನ ಸಿಗರೇಟು, ಮದ್ಯದ ಬಾಟಲಿ ಇಟ್ಟಿದ್ದರು. ಆಕೆಯನ್ನು ಕೊಂದದ್ದನ್ನೇ ಆಕೆಗೆ ಎಡೆ ಇಟ್ಟ ಹಾಗೆ. ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಲ್ಲ ಅನ್ನೋ ಆ ಮೊದಲ ಹಾಡಿಗೆ 2006ರಲ್ಲಿ ಅಂಗಡಿಯವರೆಲ್ಲ ತಲೆ ಆಡಿಸುತ್ತಿದ್ದರು. ನಾನು ಈಗ ಅದನ್ನು ದಾಟಿಸಿ ಎರಡನೇ ಹಾಡಿನಿಂದ ಶುರು ಮಾಡುತ್ತೇನೆ.

ಮಾಳಿಗೆಮನೆ — ಭಾನುವಾರ, ರಾತ್ರಿ 10:15

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ. ಒಟ್ಟು 35 ನಿಮಿಷ ಅಷ್ಟೇ, ಇದೂ ಹಳೆ ಕಾಲದ ಅಳತೆಯೇ. ಸೌಂಡ್‌ಬಾಕ್ಸ್ ಹೇಳಿದ ಲೀಕ್ ಕೇಳಿಸಿತು. ಕೇಳಿಸಿತೋ, ಕೇಳಿಸಿದ ಹಾಗೆ ಅನ್ನಿಸಿತೋ. ಬಾಸ್‌ಗಿಟಾರ್ ಹೇಳಿದ ಆ ಜಗಳದ ಹಾಡು ಬಂದಾಗ ಒಬ್ಬನೇ ನಕ್ಕೆ.

ಅಪ್ಪನಿಗೆ ಗೌಡ್ರ ಪೋಸ್ಟ್ ಓದಿ ಹೇಳಿದೆ. ಜೈಲಿನ ಕಾವಲು, ಹಣದ ಗಾಡಿ ಎಲ್ಲ ಸುಮ್ನೆ ಕೇಳಿದರು. ಆಮೇಲೆ "ಆಯಮ್ಮಂದು ತರಿಸು" ಅಂದರು. ಏಮಿದು ಇನ್ನೂ ಮರುಮುದ್ರಣವೇ ಅವರ ಪ್ರಕಾರ.

ಗ್ರಾಮೊಫೋನ್ ಗೌಡ — ಭಾನುವಾರ, ರಾತ್ರಿ 10:22

ಯಾವುದು ತರಿಸಿದ್ರಿ?

ಮಾಳಿಗೆಮನೆ — ಭಾನುವಾರ, ರಾತ್ರಿ 10:31

'ನ್ಯಾಚುರಲಿ'. 2005ರದ್ದು. ಅದೇ ಬ್ಯಾಂಡು, ಏಮಿ ಆಲ್ಬಂಗಿಂತ ಒಂದು ವರ್ಷ ಮೊದಲು. ಬರೋಕೆ 3 ವಾರ ಅಂತೆ. ಅಪ್ಪ ದಿನಾ ಗೇಟ್ ಕಡೆ ನೋಡೋದು ಗ್ಯಾರಂಟಿ.